ಮೇಷ್ಟ್ರ ಕೈಯೇ ಮೂಳೆ

“ಈಗ ಮೂಳೆಗೆ ಎಲ್ಲಿಗಪ್ಪಾ ಹೋಗ್ಲಿ?”

ವಿಜ್ಞಾನದ ಮೇಷ್ಟ್ರು ಖಾಲಿ ತರಗತಿಯಲ್ಲಿ ನಿಂತು ಗಾಳಿಯನ್ನೇ ಕೇಳಿದರು. ಬಕೆಟ್ಟಿನಲ್ಲಿ ಪ್ಲಾಸ್ಟರ್ ಇತ್ತು, ಗೋಣಿಬಟ್ಟೆಯ ಪಟ್ಟಿಗಳಿದ್ದವು, ಸುತ್ತಿ ತೋರಿಸುವುದಕ್ಕೆ ಮಾತ್ರ ಏನೂ ಇರಲಿಲ್ಲ. ಊರಾಚೆಯ ಗುಡ್ಡದಲ್ಲಿ ಡೈನೋಸಾರ್ ಮೂಳೆ ಅಗೆಯುವ ತಂಡ ಬೀಡುಬಿಟ್ಟಿತ್ತು. ಅದರ ಮುಖ್ಯಸ್ಥೆ ಅಂದು ಮಧ್ಯಾಹ್ನ ಶಾಲೆಗೆ ಬಂದು, ಸಹಾಯಕ್ಕೆಂದು ಒಬ್ಬರನ್ನು ಗುಡ್ಡಕ್ಕೆ ಕರೆದೊಯ್ಯುವವರಿದ್ದರು. ಜೀಪಿನಲ್ಲಿ ಖಾಲಿ ಇದ್ದದ್ದು ಒಂದೇ ಸೀಟು. ಅದು ಮೇಷ್ಟ್ರಿಗೇ ಎಂದು ಹೆಡ್‌ಮಿಸ್ ಮಾತು ಕೊಟ್ಟಿದ್ದರು. ತಲೆ ನರೆಯುವವರೆಗೂ ಡೈನೋಸಾರಿನ ಪಾಠ ಮಾಡಿದ್ದರೂ ಮೇಷ್ಟ್ರು ಅದರ ಒಂದು ಉಗುರನ್ನೂ ಕಂಡವರಲ್ಲ.

ಗಂಟೆ ಹೊಡೆಯಿತು, ಮಕ್ಕಳು ನುಗ್ಗಿದರು.

“ಸಾರ್, ಕಲ್ಲಾಗಿರೋ ಮೂಳೆನೂ ಒಡೆಯುತ್ತಾ?”

“ಬಿಸ್ಕತ್ತಿನ ಹಾಗೆ ಒಡೆಯುತ್ತೆ. ಅದಕ್ಕೇ ನೆಲದಲ್ಲಿರುವಾಗಲೇ ಪ್ಲಾಸ್ಟರ್ ಕವಚ ಹಾಕಿ, ಆಮೇಲೆ ಎತ್ತೋದು.”

“ನಾವೂ ಹಾಕೋಣ ಸಾರ್! ಮೂಳೆ ಎಲ್ಲಿ?”

ಮೇಷ್ಟ್ರು ಅತ್ತ ನೋಡಿದರು, ಇತ್ತ ನೋಡಿದರು, ಕೊನೆಗೆ ಅಂಗಿಯ ತೋಳು ಮಡಚಿ ಬಲಗೈಯನ್ನೇ ಮೇಜಿನ ಮೇಲೆ ಚಾಚಿದರು. “ಇದೇ ಅಂದ್ಕೊಳ್ಳಿ.”

ಪ್ರಶ್ನೆ ಕೇಳಿ ಕೇಳಿಯೇ ‘ಯಾಕಮ್ಮ’ ಎಂದು ಹೆಸರಾಗಿದ್ದ ಹುಡುಗಿ ಮುಂದೆ ಬಂದಳು. ಪಟ್ಟಿ ಅದ್ದಿದಳು, ಸುತ್ತಿದಳು, ಸವರಿದಳು.

“ಯಾಕೆ ಸಾರ್ ಬಿಸಿಯಾಗ್ತಿದೆ?”

“ಗಟ್ಟಿಯಾಗುವಾಗ ಹಾಗೇ ಪುಟ್ಟಿ.”

ವಿವರಿಸುವ ಉತ್ಸಾಹದಲ್ಲಿ ಮೇಷ್ಟ್ರು, ಮೂಳೆಗೂ ಪ್ಲಾಸ್ಟರಿಗೂ ನಡುವೆ ಒದ್ದೆ ಕಾಗದ ಹಾಕಬೇಕೆಂಬುದನ್ನೇ ಮರೆತಿದ್ದರು. ನೆನಪಾಗುವ ಹೊತ್ತಿಗೆ ಕೈಯ ರೋಮವೆಲ್ಲ ಕವಚದ ಆಸ್ತಿಯಾಗಿತ್ತು.

“ಎಳೆದ್ರೆ ಬಂದೇ ಬರುತ್ತೆ,” ಎಂದು ಗಲಾಟೆ ಕೇಳಿ ಓಡಿಬಂದ ಡ್ರಿಲ್ ಮಾಸ್ತರರು ಎಳೆದರು. ಮೇಷ್ಟ್ರು ಬಂದರು, ಪ್ಲಾಸ್ಟರ್ ಬರಲಿಲ್ಲ. ಗಣಿತದ ಟೀಚರು ಸೋಪಿನ ನೀರು ಸುರಿದರು. ಅದು ಮೇಷ್ಟ್ರ ಪ್ಯಾಂಟಿಗಿಳಿಯಿತು. ಗುಮಾಸ್ತರು ಪೇಪರ್‌ವೆಯ್ಟಿನಿಂದ ಕುಟ್ಟಿದರು, ಪೇಪರ್‌ವೆಯ್ಟ್ ಒಡೆಯಿತು.

“ಅಯ್ಯೋ, ಕೈ ಮುರ್ಕೊಂಡ್ರಾ?” ಹೆಡ್‌ಮಿಸ್ ಬಾಗಿಲಲ್ಲಿ ನಿಂತಿದ್ದರು. “ಇನ್ನು ಗುಡ್ಡದಲ್ಲಿ ಅಗೆಯೋದು ಹೇಗೆ?”

“ಕೈ ಚೆನ್ನಾಗಿದೆ ಮೇಡಂ, ಒಳಗಿದೆ ಅಷ್ಟೇ!”

ಅಷ್ಟರಲ್ಲಿ ಜೀಪು ಬಂದೇಬಿಟ್ಟಿತು. ಬೂಟಿನ ತುಂಬ ಧೂಳು ಹೊತ್ತ ಮುಖ್ಯಸ್ಥೆ ಒಳಬಂದವರೇ, ಮೇಷ್ಟ್ರು ಬೆನ್ನ ಹಿಂದೆ ಬಚ್ಚಿಟ್ಟಿದ್ದ ಕೈಯನ್ನು ಮುಂದಕ್ಕೆಳೆದು, ಕಲ್ಲಂಗಡಿ ಆರಿಸುವವರಂತೆ ತಟ್ಟಿ, ಕಿವಿಗೊಟ್ಟು ಕೇಳಿದರು.

“ಆಹಾ! ಗುಡ್ಡದಿಂದ ಉರುಳಿಸಿದ್ರೂ ಬಿರುಕು ಬಿಡಲ್ಲ. ನಮಗೆ ಬೇಕಾಗಿರೋದು ಇಂಥ ಕೆಲಸದೋರೇ. ಯಾರದು ಈ ಕೈಚಳಕ?”

ಮೇಷ್ಟ್ರ ಎದೆ ಉಬ್ಬಿತು. “ನಾನೇ ಕಲಿಸಿದ್ದು ಮೇಡಂ...”

“ಕಲಿಸಿದ್ದಲ್ಲ ಸಾರ್, ಸುತ್ತಿದ್ದು ಯಾರು?”

ಮಕ್ಕಳೆಲ್ಲ ಸೇರಿ ಯಾಕಮ್ಮನನ್ನು ಮುಂದಕ್ಕೆ ತಳ್ಳಿದರು.

“ಸರಿ, ಸೀಟು ಇವಳದ್ದು,” ಎಂದರು ಮುಖ್ಯಸ್ಥೆ.

“ಅವಳಮ್ಮನ ಹತ್ರ ನಾನು ಮಾತಾಡ್ತೀನಿ,” ಎಂದು ಹೆಡ್‌ಮಿಸ್ ಆಗಲೇ ಫೋನು ತೆಗೆದರು.

ಮೇಷ್ಟ್ರು ಕವಚದ ಭಾರಕ್ಕೆ ಒಂದು ಕಡೆ ವಾಲಿಕೊಂಡೇ ಹುಡುಗಿಯ ಮುಂದೆ ಮಂಡಿಯೂರಿದರು.

“ಪುಟ್ಟೀ, ನಿಂಗಿನ್ನೂ ಇಡೀ ಆಯುಸ್ಸಿದೆ. ಇದೊಂದು ಸಲ ಆ ಸೀಟು ನಂಗೆ ಬಿಟ್ಕೊಡ್ತೀಯಾ?”

ಅವಳು ಮೇಷ್ಟ್ರ ಮುಖ ನೋಡಿದಳು. ಕಿಟಕಿಯಾಚೆ ಗುರುಗುಟ್ಟುತ್ತಿದ್ದ ಜೀಪು ನೋಡಿದಳು.

“ಊಹೂಂ, ಕೊಡಲ್ಲ ಸಾರ್. ನಂಗೂ ನೋಡ್ಬೇಕು.”