ಪಕ್ಕದ ಮಾಳಿಗೆಯ ಕಲ್ನಾರಿನ ಹಲಗೆ

ಸ್ವಲ್ಪ ಹತ್ತಿರ ಬನ್ನಿ, ಆ ಬಾಗಿಲು ಮುಂದಕ್ಕೆ ತಳ್ಳಿ. ಈಗ ಹೇಳೋದು ನಿಮ್ಮನ್ನ ದಾಟಬಾರದು. ಗಂಡನಿಗೂ ಬೇಡ, ನಾದಿನಿಗಂತೂ ಬೇಡವೇ ಬೇಡ. ನಾಲ್ಕು ಮನೆ ಬಿಟ್ಟರೆ ನಾನು ಇದನ್ನ ಎಲ್ಲೂ ಬಾಯಿ ಬಿಟ್ಟಿಲ್ಲ. ನಾನು ಓದಿದ್ದು ಎರಡನೇ ಕ್ಲಾಸು, ಅದೂ ಅರ್ಧಂಬರ್ಧ. ಮಾತು ಸೊಟ್ಟಗಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ, ಸುದ್ದಿ ಮಾತ್ರ ನೆಟ್ಟಗಿದೆ. ಮಾಲೂರಲ್ಲಿ ಅಷ್ಟು ಬೀದಿ ಇದ್ದರೂ ಇಂಥವೆಲ್ಲ ನಮ್ಮ ಬೀದೀಲೇ, ಅದೂ ನಮ್ಮ ಗೋಡೆಗೆ ಅಂಟಿಕೊಂಡೇ ನಡೀತಿದ್ದವು. ಒಂದು ಮುಗಿಯೋದರೊಳಗೆ ಇನ್ನೊಂದು. ಕೂತು ಒಂದು ಎಲೆ ಅಡಿಕೆ ಹಾಕ್ಕೊಳ್ಳೋಕೆ ಪುರುಸೊತ್ತು ಇರಲಿಲ್ಲ ನನಗೆ.

೧. ಸಿಮೆಂಟಿಗೂ ಜ್ವರ

ಪಕ್ಕದ ಮನೆಯಾಕೆಯ ಗಂಡ ರೇಷ್ಮೆ ವ್ಯಾಪಾರದವನು. ವ್ಯಾಪಾರ ಚೆನ್ನಾಗಿ ನಡೀತಿದ್ದಾಗ ಗೂಡು ತುಂಬಿಡೋಕೆ ಅಂತ ದೊಡ್ಡ ಗೋದಾಮು ಕಟ್ಟಿಸಿದ. ಊರೆಲ್ಲ ಹೆಂಚು ಹೊದಿಸಿಕೊಂಡಿದ್ದರೆ ಅವನದು ಕಬ್ಬಿಣದ ಸಲಾಕೆ ಕಟ್ಟಿ ಸಿಮೆಂಟು ಸುರಿದ ಕಾಂಕ್ರೀಟು ಮಾಳಿಗೆ. ಆಮೇಲೆ ರೇಷ್ಮೆ ಬೆಲೆ ಬಿತ್ತು, ಅದರ ಹಿಂದೇನೇ ಅವನೂ ಜ್ವರ ಬಂದು ಹೋದ. ಮಕ್ಕಳಿಲ್ಲ. ಗೋದಾಮಿನ ಹಿಂದಿನ ಎರಡು ಕೋಣೆಯಲ್ಲಿ ಈಕೆ ಒಬ್ಬಳೇ ಉಳಿದಳು. ಅವಳ ನಡುಮನೆಗೂ ನಮ್ಮ ಅಡಿಗೆಮನೆಗೂ ಮಧ್ಯ ಇದ್ದದ್ದು ಒಂದೇ ಗೋಡೆ.

ಇನ್ನು ಶ್ರೀನಿವಾಸಪುರದ ಅಣ್ಣನ ಮನೆಗೆ ಹೋಗಿ ಅತ್ತಿಗೆ ಕೈಕೆಳಗೆ ಮುಸುರೆ ತಿಕ್ಕಬೇಕು, ಇಲ್ಲ ಈ ಗೋದಾಮಿನಿಂದಲೇ ಬದುಕಬೇಕು. ಅವಳು ಗೋದಾಮನ್ನ ಟಾಕೀಸು ಮಾಡ್ತೀನಿ ಅಂದಳು. ಬೆಂಗಳೂರಿಂದ ಸಿನಿಮಾ ಮಿಷಿನ್ನು ನಡೆಸೋ ಒಬ್ಬನನ್ನೂ ಕರೆಸಿಕೊಂಡಳು. ದಸರಾ ಒಳಗೆ ಲೈಸೆನ್ಸು ಬರದಿದ್ದರೆ ಅವನು ಮಿಷಿನ್ನು ಎತ್ತಿಕೊಂಡು ಬೇರೆ ಊರು ನೋಡ್ಕೊಳ್ತಾನೆ. ಅಂದರೆ ಲೈಸೆನ್ಸು ಬಂದರೆ ಬದುಕು, ಬರದಿದ್ದರೆ ಅತ್ತಿಗೆ.

ಲೈಸೆನ್ಸಿನ ಸಾಹೇಬ ಬಂದು ಕತ್ತೆತ್ತಿ ನೋಡಿ, ಈ ಮಾಳಿಗೆ ಬೆಂಕಿಗೆ ನಿಲ್ಲೋದಿಲ್ಲ ಅಂದ. ಸಿಮೆಂಟು ಉರಿಯುತ್ತಾ ಅಂತ ನಾವೆಲ್ಲ ನಕ್ಕೆವು. ಆತ ನಗಲಿಲ್ಲ. ಫಿಲಂ ಸುರುಳಿ ಹೊತ್ತಿಕೊಂಡರೆ ಮದ್ದಿನ ಹಾಗೆ ಧಗಧಗ ಅನ್ನುತ್ತಂತೆ. ಆ ಕಾವಿಗೆ ಸಿಮೆಂಟು ಚಕ್ಕೆ ಚಕ್ಕೆಯಾಗಿ ಉದುರಿ, ಒಳಗಿನ ಸಲಾಕೆ ಮೆತ್ತಗಾಗಿ, ಮಾಳಿಗೆ ಜೋತು ಬೀಳುತ್ತಂತೆ. ಮಿಷಿನ್ನು ಇಡೋ ಕೋಣೆಗೆ, ಮೇಲ್ಗಡೆ ಮತ್ತೆ ಸುತ್ತ, ಕಲ್ನಾರಿನ ಹಲಗೆ, ಅದೇ ಆಸ್ಬೆಸ್ಟಾಸು ಅಂತಾರಲ್ಲ ಅದು, ಹೊಡೆಸಿದರೆ ಬೆಂಕಿ ಕಾಂಕ್ರೀಟಿಗೆ ತಾಗೋದಿಲ್ಲ, ಆವಾಗ ಲೈಸೆನ್ಸು ಅಂದ.

ಅವಳಿಗೆ ಗಂಡನನ್ನೇ ಬೈದ ಹಾಗಾಯ್ತು. ನಮ್ಮ ಯಜಮಾನರು ಅಷ್ಟು ಗಟ್ಟಿಯಾಗಿ ಕಟ್ಟಿಸಿದ್ದಕ್ಕೆ ಮತ್ತೆ ಮರೆ ಯಾಕೆ ಸ್ವಾಮಿ, ಅವರೂ ಕಲ್ಲಿನ ಹಾಗೆ ಇದ್ದವರು, ಮೂರೇ ದಿನದ ಜ್ವರ ಬಂದು ಹೋದರು ಅಂತ ಸೆರಗು ಕಣ್ಣಿಗೆ ಒತ್ತಿಕೊಂಡಳು.

ಸಾಹೇಬ ಪುಸ್ತಕ ಮಡಚಿದ. “ನಾನೂ ಅದನ್ನೇ ಹೇಳ್ತಿರೋದು ತಾಯಿ. ಮೂರು ದಿನವೂ ಬೇಡ ಇದಕ್ಕೆ.”

೨. ಬೇಯದ ರೊಟ್ಟಿ

ಹಲಗೆ ಗೂಡ್ಸ್ ರೈಲಲ್ಲಿ ಬರಬೇಕಿತ್ತು. ಮಿಷಿನ್ನಿನವನಿಗೆ ಈ ಕಡೆಯ ಊರು ಹೊಸದು, ಕಾಗದದಲ್ಲಿ ಮಾಲೂರು ಅನ್ನೋ ಬದಲು ಟೇಕಲ್ ಅಂತ ಬರೆದುಬಿಟ್ಟಿದ್ದ. ಹಲಗೆ ಅಲ್ಲಿ ಇಳೀತು, ಇಲ್ಲಿ ಇವಳು ನಾಲ್ಕು ದಿನ ಸ್ಟೇಷನ್ನಿಗೂ ಮನೆಗೂ ಅಲೆದು ಕಾಲು ಸವೆಸಿದಳು. ಗೊತ್ತಾದ ಮೇಲೆ ಗಾಡಿ ಕಟ್ಟಿಸಿದಳು. ನಾನೂ ಹತ್ತಿಕೊಂಡೆ. ಬಾ ಅಂತ ಅವಳು ಕರೆಯಲಿಲ್ಲ, ಇಳಿ ಅಂತಲೂ ಅನ್ನಲಿಲ್ಲ.

ಹೋಗಿ ನೋಡಿದರೆ ಹಲಗೆ ಹುಣಿಸೆ ಮರದ ಕೆಳಗಿದೆ, ಪಕ್ಕದಲ್ಲಿ ಹೊಗೆ ಬರ್ತಿದೆ. ಇದು ಬೆಂಕಿಗೆ ಸುಡೋದಿಲ್ಲ ಅಂತ ಯಾರೋ ಅಂದದ್ದು ಅಲ್ಲೊಬ್ಬ ಮುದುಕಿ ಕಿವಿಗೆ ಬಿದ್ದಿದೆ. ಹಾಗಾದರೆ ಒಡೆಯದ ಹೆಂಚು ಸಿಕ್ಕಿತು ಅಂತ ಒಂದು ಹಲಗೆ ತಂದು ಮೂರು ಕಲ್ಲಿನ ಮೇಲಿಟ್ಟು, ಕೆಳಗೆ ಸೌದೆ ತುರುಕಿ, ಮೇಲೆ ರಾಗಿರೊಟ್ಟಿ ತಟ್ಟಿದ್ದಾಳೆ.

ನಮ್ಮ ಪಕ್ಕದಾಕೆ ಗಾಡಿಯಿಂದ ಹಾರಿ ಓಡಿದಳು. ಬೈಯೋಕೆ ಬಾಯಿ ತೆರೆದವಳು, ರೊಟ್ಟಿ ಪಕ್ಕ ಅಂಗೈ ಇಟ್ಟು ಹಾಗೇ ನಿಂತಳು. ಕೆಳಗೆ ಕೆಂಡ ಭಗಭಗ ಅಂತಿದೆ, ಮೇಲೆ ಕೈ ಇಡೋ ಅಷ್ಟು ಬೆಚ್ಚಗಿದೆ. ಗಂಡ ಸತ್ತ ಮೇಲೆ ಅವಳು ನಕ್ಕದ್ದು ನಾನು ಅವತ್ತೇ ನೋಡಿದ್ದು.

ಮುದುಕಿಗೆ ಮಾತ್ರ ಅವಳ ಮೇಲೆ ಅಯ್ಯೋ ಅನಿಸಿತು. “ಏಮಮ್ಮಾ, ಬೆಳಿಗ್ಗೆಯಿಂದ ಒಂದು ಹೊರೆ ಸೌದೆ ಸುಟ್ಟೆ, ರೊಟ್ಟಿ ಇನ್ನೂ ಹಸಿ. ಯಾರೋ ನಿಂಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ. ವಾಪಸ್ ಕಳಿಸಿಬಿಡು.”

೩. ಹಲಗೆಗೆ ಎಣ್ಣೆಸ್ನಾನ

ಹಲಗೆ ಹೊಡೆಯೋಕೆ ಮುಳಬಾಗಿಲಿನ ಬಡಗಿ ಬಂದ. ಬಾಯಲ್ಲಿ ತೆಲುಗೇ ಜಾಸ್ತಿ. ಹಲಗೆ ಮೇಲೆ ಬೆರಳೆಳೆದು, ಇದೇಮಿ ಚೆಕ್ಕಮ್ಮಾ, ಇದು ಯಾವ ಮರ ಅಂದ. ಮರವಲ್ಲಪ್ಪ, ಕಲ್ಲಿನ ನಾರು ಅಂದರೆ ನಂಬಲಿಲ್ಲ. ಗರಗಸಕ್ಕೆ ಕೊಯ್ಯುತ್ತೆ, ಮೊಳೆ ಹಿಡಿಯುತ್ತೆ, ಮತ್ತೆ ಮರ ಅಲ್ಲದೆ ಇನ್ನೇನು? ಪಾಪ, ಎಷ್ಟು ಒಣಗಿಸಿದ್ದಾರೆ, ಯಾರೂ ಗಮನಿಸಿಲ್ಲ ಅಂತ ಅದರ ಬೆನ್ನು ಸವರಿದ.

ಒಂದು ದಿನ ಅವಳು ಅರ್ಜಿ ಕೊಡೋಕೆ ಕೋಲಾರಕ್ಕೆ ಹೋಗಿದ್ದಳು. ವಾಪಸ್ ಬರೋದರೊಳಗೆ ಅಲ್ಲೀವರೆಗೂ ಹೊಡೆದಿದ್ದ ಹಲಗೆಗಳೆಲ್ಲ ಮಿರಮಿರ ಹೊಳೀತಿದ್ದವು. ಹೊಸ ಬಾಗಿಲಿಗೆ ಹರಳೆಣ್ಣೆ ತಿಕ್ಕದೆ ಬಿಟ್ಟವನೇ ಅಲ್ಲ ಅವನು. ಇವಕ್ಕೂ ಎರಡು ಸೇರು ಕುಡಿಸಿದ್ದ. ಮಿಷಿನ್ನಿನವನಿಗೆ ಹಲಗೆಯ ಗುಣ ತೋರಿಸೋ ಹುಚ್ಚು. ನೋಡಿ ಅಂತ ಒಂದು ಮೂಲೆಗೆ ಕಡ್ಡಿ ಗೀರಿ ಹಿಡಿದ. ಬೆಂಕಿ ಆ ಮೂಲೆಯಿಂದ ಈ ಮೂಲೆಗೆ ಓಡಿತು. ನಾವು ಅದಕ್ಕಿಂತ ಮುಂಚೆ ಬೀದಿಗೆ ಓಡಿದೆವು.

ಒದ್ದೆ ಗೋಣಿಚೀಲ ಹಿಡಿದು ಬಡಿದು ಆರಿಸಿದರು. ಎಣ್ಣೆ ಉರಿದು ಹೋಯ್ತು, ಹಲಗೆಗೆ ಮಸಿ ಬಿಟ್ಟರೆ ಏನೂ ಆಗಿರಲಿಲ್ಲ. ಅವಳು ಬಡಗಿಯ ಮುಂದೆ ಒಂದು ತಪ್ಪಲೆ ಬಿಸಿನೀರು, ಒಂದು ಬೋಗುಣಿ ಸೀಗೆಪುಡಿ ತಂದಿಟ್ಟಳು. ಎರಡು ದಿನ ಏಣಿ ಮೇಲೆ ನಿಂತು ಮಾಳಿಗೆ ಉಜ್ಜಿದ. ಸೀಗೆ ಕಣ್ಣಿಗೆ ಬಿದ್ದು ಗಳಗಳ ನೀರು. ಮೂರನೇ ದಿನ ನನ್ನನ್ನ ಪಕ್ಕಕ್ಕೆ ಕರೆದ.

“ಮುಳಬಾಗಿಲಲ್ಲಿ ನನ್ನ ಹೆಂಡತಿಗೆ ಇದು ತಿಳಿಯಬಾರದಮ್ಮಾ. ಇಪ್ಪತ್ತು ವರ್ಷದಲ್ಲಿ ಅವಳ ಬೆನ್ನಿಗೆ ಒಂದು ಚೊಂಬು ನೀರು ಹಾಕಿದವನಲ್ಲ ನಾನು.”

೪. ಶ್ರೀನಿವಾಸಪುರಕ್ಕೆ ಹೋದ ಬಸ್ಸಾರು

ಈಗ ಕಿವಿ ಇನ್ನೂ ಹತ್ತಿರ ಕೊಡಿ. ಆ ಮಿಷಿನ್ನಿನವನು ಊಟಕ್ಕೆ ಅವಳ ಮನೆಗೇ ಬರ್ತಿದ್ದ. ಮದುವೆಯಾಗದ ಗಂಡಸು, ಕ್ರಾಪು ಬೇರೆ. ಇವಳು ಬಿಳಿ ಸೀರೆ ಬಿಟ್ಟು ಹಸಿರಂಚಿನದು ಉಟ್ಟಳು. ತುಪ್ಪ ಹಾಕಿಕೊಳ್ಳಿ ಅಂದದ್ದು ಗೋಡೆಯೀಚೆ ನನಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ ಹಾಕಿಕೊಳ್ಳಿ ಅಂದಳು. ನಾನು ಇದನ್ನ ಬಾವಿಕಟ್ಟೆಯಲ್ಲಿ ಒಬ್ಬಳಿಗೆ ಹೇಳಿದೆ, ಒಬ್ಬಳಿಗೇ. ಕೇಳಿದ್ದನ್ನ ಕೇಳಿದ ಹಾಗೇ ಹೇಳಿದೆ. ಒಗ್ಗರಣೆ ಬಿದ್ದಿದ್ದರೆ ಒಂದು ಸಾಸಿವೆಯಷ್ಟು.

ವಾರ ತುಂಬೋದರೊಳಗೆ ಅವಳಣ್ಣ ಎರಡು ಬಸ್ಸು ಬದಲಾಯಿಸಿ ಬಂದು ನಡುಮನೆಯಲ್ಲಿ ಕೂತು ಕೂಗಾಡಿದ. ದಸರಾ ಒಳಗೆ ನಿನ್ನ ಟಾಕೀಸು ಶುರುವಾದರೆ ಸರಿ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿಸಿ ಎಳ್ಕೊಂಡು ಹೋಗ್ತೀನಿ ಅಂದ. ತುಪ್ಪದ ಸುದ್ದಿ ಎತ್ತಿದ, ಸೀರೆ ಅಂಚು ಎತ್ತಿದ. ಅವಳು ಒಂದಕ್ಕೂ ಬಗ್ಗಲಿಲ್ಲ, ಎಲ್ಲ ಸುಳ್ಳು ಅಂದಳು. ಕೊನೆಗೆ ಅವನು, ಮಂಗಳವಾರ ನಿನ್ನ ಬಸ್ಸಾರಿಗೆ ಉಪ್ಪು ಜಾಸ್ತಿ ಆಗಿತ್ತು ಅನ್ನೋದೂ ಶ್ರೀನಿವಾಸಪುರಕ್ಕೆಲ್ಲ ಗೊತ್ತು ಕಣೇ ಅಂದ.

ಅವಳು ಗೋಡೆ ಕಡೆ ತಿರುಗಿರಬೇಕು, ಮುಂದಿನ ಮಾತು ನೇರ ನನ್ನ ಕಿವಿಯೊಳಗೇ ಹೇಳಿದ ಹಾಗಿತ್ತು.

“ಉಪ್ಪು ಸರಿಯಾಗೇ ಇತ್ತು.”

೫. ಮೂಕ ಗೋಡೆ

ಮಾರನೇ ದಿನ ಬೆಳಿಗ್ಗೆ ನಮ್ಮ ಗೋಡೆಯಾಚೆ ಧಡ ಧಡ ಮೊಳೆ ಹೊಡೆಯೋ ಶಬ್ದ. ಲೈಸೆನ್ಸಿಗೆ ಸರ್ಕಾರ ಹೇಳಿದ್ದೇ ಏನೋ ಇರಬೇಕು ಅಂದುಕೊಂಡೆ. ಸಂಜೆಗೆ ಶಬ್ದ ನಿಂತಿತು. ಆಮೇಲೆ ಏನೂ ಇಲ್ಲ.

ಏನೂ ಇಲ್ಲ ಅಂದರೆ ಏನೇನೂ ಇಲ್ಲ ಕಣ್ರೀ. ಪಾತ್ರೆ ಸದ್ದಿಲ್ಲ, ಕೆಮ್ಮಿಲ್ಲ. ಅವನು ಊಟಕ್ಕೆ ಬಂದನೋ, ಉಂಡನೋ, ಎದ್ದನೋ ಒಂದೂ ಗೊತ್ತಾಗದು. ಕಂಚಿನ ಲೋಟ ಗೋಡೆಗೆ ಕವುಚಿ ಕಿವಿ ಇಟ್ಟೆ; ನನ್ನ ಎದೆಬಡಿತವೇ ನನಗೆ ಕೇಳಿಸಿತು. ಅಡಿಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡಿಗೆಮನೆಗೆ ತಿರುಗಿದೆ. ಹಾಲು ಉಕ್ಕಿ ಒಲೆ ಆರಿತು. ಮುದ್ದೆ ಗಂಟು ಗಂಟಾಯ್ತು. ಮನೆ ಎಷ್ಟು ತಣ್ಣಗಿದೆ ಅಂತ ನಮ್ಮನೆಯವರು ಸಂತೋಷಪಟ್ಟರು. ಅವರನ್ನ ಹಿಡಿದು ಬೈದೆ.

ತಡೆಯೋಕಾಗದೆ ಹೆಪ್ಪು ಕೇಳೋ ನೆಪದಲ್ಲಿ ಹೋದೆ. ಅವಳು ಬಾಗಿಲಲ್ಲೇ ಕೊಟ್ಟು ಕಳಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಹೋದೆ, ಮಧ್ಯಾಹ್ನ ಹೋದೆ, ಊಟ ಆದ ಮೇಲೆ ಹೋದೆ. ಐದನೇ ಸಲ ಹೋದಾಗ ಒಂದು ಗಡಿಗೆ ತುಂಬ ಮೊಸರು ತಂದು ನನ್ನ ಸೊಂಟದ ಮೇಲಿಟ್ಟಳು.

“ತಗೊಳ್ಳಿ ಅಕ್ಕ. ಇದರಲ್ಲಿ ದಸರಾ ತನಕ ಹೆಪ್ಪು ಹಾಕಬಹುದು.”

೬. ಎರಡು ಪದರ

ದಸರಾಕ್ಕೆ ಇನ್ನು ಮೂರೇ ದಿನ ಅನ್ನೋವಾಗ ಸಾಹೇಬ ಬಂದ. ಬೀದಿಗೆ ಬೀದಿಯೇ ನೆರೀತು. ನಾನು ಮುಂದಿನ ಸಾಲಲ್ಲೇ ಇದ್ದೆ. ಪಕ್ಕದವಳು ಅಂದ ಮೇಲೆ ಹಕ್ಕು ಇರುತ್ತಲ್ಲ. ಅವಳಣ್ಣನೂ ಬಂದು ಗೇಟಿನ ಹತ್ತಿರ ಖಾಲಿ ಗಾಡಿ ನಿಲ್ಲಿಸಿಕೊಂಡು ಕಾಯ್ತಿದ್ದ.

ಸಾಹೇಬ ಮಿಷಿನ್ ಕೋಣೆಗೆ ಹೋಗಿ ಕೈಲಿದ್ದ ಬೆತ್ತದಿಂದ ಹಲಗೆಗಳನ್ನ ಒಂದೊಂದಾಗಿ ತಟ್ಟುತ್ತಾ ಬಂದ. ಮೂಲೆಗೆ ಬಂದು ನಿಂತ. ಅಲ್ಲಿ ಮೇಲ್ಗಡೆ ಎರಡು ಹಲಗೆಯಷ್ಟು ಜಾಗ ಬರೀ ಸಿಮೆಂಟು. ಬೆಂಕಿ ನುಗ್ಗೋಕೆ ಈ ಬಾಗಿಲು ಸಾಕು ತಾಯಿ, ಲೈಸೆನ್ಸು ಆಗೋದಿಲ್ಲ ಅಂದ. ಹಲಗೆ ಲೆಕ್ಕಕ್ಕಿಂತ ಎರಡು ಜಾಸ್ತೀನೇ ತರಿಸಿದ್ದಿರಲ್ಲ, ಉಳಿದದ್ದು ಎಲ್ಲಿ ಅಂತ ಕೇಳಿದ. ಬಡಗಿ ಮೆಲ್ಲಗೆ ಹಿಂದಿನ ಮನೆ ಕಡೆ ಬೆರಳು ತೋರಿಸಿದ.

ಎಲ್ಲರೂ ಅವಳ ನಡುಮನೆಗೆ ನುಗ್ಗಿದೆವು. ನನ್ನ ಅಡಿಗೆಮನೆ ಕಡೆಯ ಗೋಡೆಗೆ ನೆಲದಿಂದ ಮಾಳಿಗೆವರೆಗೂ ಹಲಗೆ ಹೊಡೆಸಿದ್ದಾಳೆ. ಸಾಹೇಬ ತಟ್ಟಿದ, ಗಟ್ಟಿ ಸದ್ದು ಬಂತು. ಅಂಚಲ್ಲಿ ಬೆರಳಿಟ್ಟು ನೋಡಿದ, ಒಂದರ ಮೇಲೊಂದು, ಎರಡು ಪದರ.

ಮೇಲಿನ ಪದರದ ಎರಡೂ ಹಲಗೆ ಬಿಚ್ಚಿ ಅಲ್ಲಿ ಹಾಕಿಸಿ, ನಾನು ಕಾಯ್ತೀನಿ ಅಂದ ಆ ಪುಣ್ಯಾತ್ಮ. ತೆಗೆಸಮ್ಮ ತೆಗೆಸು, ಈ ಗೋಡೆಗೆ ಯಾಕೆ ಅಷ್ಟೊಂದು ಅಂತ ಎಲ್ಲರಿಗಿಂತ ಮುಂಚೆ ನಾನೇ ಹೇಳಿದೆ. ಬಡಗಿ ಬಿಚ್ಚಿದ, ಒಯ್ದ, ಹೊಡೆದ. ಸಾಹೇಬ ಇನ್ನೊಂದು ಸಲ ತಟ್ಟಿ ನೋಡಿ ಅಲ್ಲೇ ನಿಂತು ಸಹಿ ಹಾಕಿದ. ಗೇಟಿನ ಹತ್ತಿರ ಇದ್ದ ಅಣ್ಣ ಖಾಲಿ ಗಾಡಿ ತಿರುಗಿಸಿದ. ಅವಳು ಕಾಗದವನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು.

ಹೊರಡೋವಾಗ ಸಾಹೇಬ ಕುತೂಹಲ ತಡೆಯಲಾರದೆ ಕೇಳೇಬಿಟ್ಟ. “ಇರಲಿ ತಾಯಿ, ಮಿಷಿನ್ ಕೋಣೆಗೇ ಒಂದು ಪದರ ಸಾಕು ಅಂದಿದ್ದೆ. ಆ ಗೋಡೆ ಆಚೆ ಏನಿಟ್ಟಿದ್ದಾರೆ? ಸೀಮೆಎಣ್ಣೆಯಾ, ಪಟಾಕಿಯಾ?”

ಲೈಸೆನ್ಸು ಕೈಲಿದೆ, ಇನ್ನು ಯಾರ ಭಯ ಅವಳಿಗೆ. ಅಷ್ಟು ಜನದ ಮಧ್ಯದಿಂದ ನನ್ನ ಕೈ ಹಿಡಿದು ಮುಂದಕ್ಕೆ ಕರ್ಕೊಂಡು ಬಂದು ಸಾಹೇಬನ ಎದುರಿಗೆ ನಿಲ್ಲಿಸಿದಳು. “ಇವರಿದ್ದಾರೆ ಸ್ವಾಮಿ” ಅಂದಳು. ಆಮೇಲೆ ನನ್ನ ಮುಖ ನೋಡಿಕೊಂಡು, ಮೈಗೆ ಹುಷಾರಾ ಅಂತ ವಿಚಾರಿಸೋ ಹಾಗೆ ಮೆತ್ತಗೆ ಕೇಳಿದಳು:

“ಅಕ್ಕ, ಇನ್ನು ಒಂದೇ ಪದರ ಉಳಿದಿರೋದು. ನೀವೇ ಹೇಳಿ, ಸಾಕಾಗುತ್ತಾ?”