ಮೇಲೆ ಶಾಂತವಾದ ಜಾಗ

ಗಾಬ್ರೊವೊ ಊರಿನ ಮೆತೋದಿಗೆ ಬಾಡಿಗೆಗೆ ಕೊಡಲು ಇದ್ದದ್ದು ಮಹಡಿಯ ಒಂದೇ ಕೋಣೆ. ಉಪದೇಶ ಮಾತ್ರ ಅರಮನೆಯ ಒಡೆಯನಷ್ಟು. "ಬಾಯಿಮಾತು ನಂಬ್ಬೇಡಿ. ಒಂದು ವರ್ಷಕ್ಕೆ ಬರೆಸ್ಕೊಳ್ಳಿ. ಸಹಿ ಆದ್ಮೇಲೇ ಬೀಗದಕೈ ಕೊಡಿ" ಎಂದು ದಾರಿಯಲ್ಲಿ ಹೋಗುವ ಬೆಕ್ಕನ್ನೂ ನಿಲ್ಲಿಸಿ ಹೇಳುತ್ತಿದ್ದ.

ಆ ಶನಿವಾರ ಬೆಳಿಗ್ಗೆ, ತೀರಿಹೋದ ಅವನ ಹೆಂಡತಿಯ ಅಕ್ಕ ಝ್ಲಾತ್ಕಾ ಪಕ್ಕದೂರಿನಿಂದ ಫೋನು ಮಾಡಿದಳು. "ಮೆತೋದಿ, ಮಹಡಿ ಖಾಲಿಯಂತೆ. ನಾಳೆವರೆಗೂ ಯಾರೂ ಬರ್ದಿದ್ರೆ ನಾನೇ ಬಂದು ಇರ್ತೀನಿ."

ಮೆತೋದಿ ಫೋನಿಟ್ಟು ಮಹಡಿಯ ಕಡೆ ನೋಡಿದ. ಝ್ಲಾತ್ಕಾ ಗೊರಕೆ ಹೊಡೆದರೆ ಮೂರು ಬೀದಿಯಾಚೆಯ ಕೋಳಿಗಳು ಮೊಟ್ಟೆಯಿಡುವುದನ್ನೇ ಮರೆಯುತ್ತಿದ್ದವು. ಇವತ್ತೇ ಬಾಡಿಗೆಯವರನ್ನು ಹಿಡಿದು ತರುತ್ತೇನೆ ಎಂದು ಹಲ್ಲು ಕಚ್ಚಿದ.

ಚೀಟಿ ಬರೆಯಬೇಕು. ಅದಕ್ಕೆಂದು ಹೊಸ ಕಾಗದ ಕೊಳ್ಳುವುದೇ? ಜಿಪುಣತನಕ್ಕೇ ಹೆಸರಾದ ಗಾಬ್ರೊವೊದಲ್ಲಿ ಹುಟ್ಟಿದವನಿಂದ ಆಗುವ ಕೆಲಸವೇ ಅಲ್ಲ. ಮಾವ ಸತ್ತಾಗ ಬಾಗಿಲಿಗೂ ಕಂಬಗಳಿಗೂ ಹಚ್ಚಲು ತಂದ ಸಾವಿನ ಸುದ್ದಿಯ ಖಾಲಿ ಕಾಗದಗಳಲ್ಲಿ ಹನ್ನೆರಡು ಮಿಕ್ಕಿದ್ದವು. ಸುತ್ತ ದಪ್ಪನೆಯ ಕಪ್ಪು ಅಂಚು, ನಡುವೆ ಬೇಕಾದಷ್ಟು ಬಿಳಿ. ಮಾಲೀಕನ ಮುಖ ಕಂಡರೆ ಜನಕ್ಕೆ ನಂಬಿಕೆ ಬರುತ್ತದೆಂದು, ತಲೆತುಂಬ ಕೂದಲಿದ್ದ ಕಾಲದ ತನ್ನ ಫೋಟೋ ಅಂಟಿಸಿದ. ಕೆಳಗೆ ಬರೆದ: "ಮೆತೋದಿ ಗಾನೆವ್. ಮೇಲೆ ಶಾಂತವಾದ ಜಾಗ. ಬೆಳಕು ಧಾರಾಳ. ಬರುವವರು ಯಾವಾಗ ಬೇಕಾದರೂ ಬರಬಹುದು."

ಹನ್ನೊಂದು ಕಡೆ ಹಚ್ಚಿ ಬಂದು ಕೂತ. ಅರ್ಧ ಗಂಟೆಯಲ್ಲಿ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಪಕ್ಕದ ಮನೆಯ ಯೊರ್ದಾನ್ಕಾ, ಕೈಯಲ್ಲಿ ತಿಥಿಯ ಬೇಯಿಸಿದ ಗೋಧಿ, ಹಿಂದೆ ಅಳಲು ಸಿದ್ಧವಾದ ಅರ್ಧ ಬೀದಿ.

"ಅಯ್ಯಯ್ಯೋ! ಸತ್ತೋನೇ ಬಾಗ್ಲು ತೆಗ್ದ!" ಗೋಧಿಯೆಲ್ಲ ನೆಲದ ಪಾಲಾಯಿತು.

"ಯಾರು ಸತ್ತಿದ್ದು?"

"ನೀನೇ ಕಣೋ! ಬೇಕರಿ ಗೋಡೆ ಮೇಲಿದೆಯಲ್ಲ!"

"ಅದು ಬಾಡಿಗೆ ಚೀಟಿ ಕಣೇ!"

"ಮತ್ತೆ ಮೇಲೆ ಶಾಂತವಾದ ಜಾಗ ಅಂತಿದೆ? ನಾವು ಸ್ವರ್ಗ ಅಂದ್ಕೊಂಡ್ವಿ. ನಿಂಗೆ ಅಲ್ಲಿ ಹೇಗೆ ಸಿಕ್ತಪ್ಪಾ ಅಂತ ದಾರಿಯುದ್ದಕ್ಕೂ ಅದೇ ಮಾತು!"

ಮೆತೋದಿ ಚೀಟಿ ಕೀಳಲು ಬಸ್ ನಿಲ್ದಾಣಕ್ಕೆ ಓಡಿದ. ಅಲ್ಲಿ ಕೂತಿದ್ದ ಮುದುಕಿಯೊಬ್ಬಳು ಕೋಲಿನಿಂದ ಅವನ ಕೈಗೆ ಬಾರಿಸಿದಳು. "ಸತ್ತೋರ ಕಾಗದ ಹರೀತೀಯಾ? ನಾಚ್ಕೆ ಆಗಲ್ವಾ?"

"ಅಜ್ಜೀ, ಅದ್ರಲ್ಲಿರೋನು ನಾನೇ!"

"ಸುಳ್ಳ! ಆ ಪುಣ್ಯಾತ್ಮನಿಗೆ ಕೂದ್ಲಿದೆ."

ಪಕ್ಕದಲ್ಲೇ ನಿಂತಿದ್ದ ರಾಲಿತ್ಸಾ ಎಂಬ ನರ್ಸು ಚೀಟಿ ಓದುತ್ತಿದ್ದಳು. "ಈ ಸತ್ತೋರ ಮನೆ ಎಲ್ಲಿ ಗೊತ್ತಾ? ಈಗ ಖಾಲಿ ಇರ್ಬೇಕಲ್ಲ, ಬಾಡಿಗೆಗೆ ಕೇಳೋಣ ಅಂತ."

"ಸತ್ತೋನು ನಾನೇ ಕಣಮ್ಮ. ಬಾ, ತೋರಿಸ್ತೀನಿ."

ಮೆತೋದಿ ತನ್ನ ಉಪದೇಶದಲ್ಲಿ ಒಂದಕ್ಷರ ಬಿಡಲಿಲ್ಲ. ಅವಳ ಹಳೆಯ ಮಾಲೀಕನಿಗೆ ಫೋನು ಮಾಡಿ ವಿಚಾರಿಸಿದ, ಒಂದು ವರ್ಷಕ್ಕೆ ಬರೆಸಿಕೊಂಡ, ಸಹಿ ಆದಮೇಲೇ ಬೀಗದಕೈ ಕೊಟ್ಟ. ಗೆದ್ದೆ ಎಂದು ಒಂದು ಲೋಟ ರಕಿಯಾ ಸಾರಾಯಿ ಏರಿಸಿದ.

ಸಂಜೆ ಮತ್ತೆ ಬಾಗಿಲು ಬಡಿಯಿತು. ಕಪ್ಪು ಬಟ್ಟೆಯಲ್ಲಿ ಝ್ಲಾತ್ಕಾ, ಕೈಯಲ್ಲಿ ಹೆಣಕ್ಕೆ ತಂದ ಆರು ಬಿಳಿ ಹೂವು, ಹಿಂದೆ ನಾಲ್ಕು ಪೆಟ್ಟಿಗೆ.

"ಬದ್ಕಿದೀಯಾ?" ಎನ್ನುತ್ತ ಹೂವಿನಲ್ಲೇ ನಾಲ್ಕು ಬಾರಿಸಿದಳು. "ಯೊರ್ದಾನ್ಕಾ ಬೆಳಿಗ್ಗೇನೇ ಫೋನಲ್ಲಿ ಬಾಯಿ ಬಡ್ಕೊಂಡ್ಲು! ಮನೆ ಅನಾಥ ಆಯ್ತಲ್ಲಾ ಅಂತ ಓಡ್ಬಂದೆ!"

"ಬದ್ಕಿದೀನಿ ಅತ್ತಿಗೆ. ಮಹಡೀನೂ ತುಂಬಿದೆ. ಕೊನೇ ಬಸ್ಸು ಇನ್ನೂ ಹೊರಟಿಲ್ಲ."

"ಬಸ್ ಹತ್ತಿ ಎಲ್ಲಿಗೋ ಹೋಗ್ಲಿ? ನನ್ನ ಮನೇಗೆ ನಮ್ಮೂರ ದನದ ಡಾಕ್ಟ್ರು ಕಾಯ್ತಾನೇ ಇದ್ದ. ಮಧ್ಯಾಹ್ನವೇ ಕೊಟ್ಬಿಟ್ಟೆ. ಎಲ್ಲಾ ನೀನು ಹೇಳ್ತಿದ್ದ ಹಾಗೇ ಕಣೋ. ಒಂದು ವರ್ಷಕ್ಕೆ ಬರೆಸ್ಕೊಂಡು, ಸಹಿ ಆದ್ಮೇಲೇ ಬೀಗದಕೈ ಕೊಟ್ಟೆ. ಮಹಡಿ ಇಲ್ದಿದ್ರೆ ಕೆಳಗೇ ಸಾಕು ಬಿಡು."

ಅವಳು ನೇರ ಅವನ ಮಲಗುವ ಕೋಣೆಗೆ ನಡೆದು, ದಣಿವಿಗೆ ಹಾಗೇ ಅಡ್ಡಾದಳು. ತುಸು ಹೊತ್ತಿನಲ್ಲೇ ಅಡುಗೆಮನೆಯ ತಟ್ಟೆಗಳು ನಡುಗತೊಡಗಿದವು.

ಮೆತೋದಿ ಮಿಕ್ಕಿದ್ದ ಹನ್ನೆರಡನೆಯ ಕಾಗದ ತೆಗೆದು, ಕಪ್ಪು ಅಂಚಿನ ನಡುವೆ ದಪ್ಪ ಅಕ್ಷರದಲ್ಲಿ ಬರೆದ: "ಒಬ್ಬನಿಗೆ ಕೋಣೆ ಬೇಕಾಗಿದೆ. ಶಾಂತವಾದ ಜಾಗವಾದರೆ ಸಾಕು. ಇನ್ನೂ ಬದುಕಿದ್ದೇನೆ."