ಕುದಿಯುವ ಕಾರಿನ ಸಂಸಾರ

ನಮ್ಮವರು ತೀರಿಕೊಂಡ ಮೇಲೆ ಮಾತಾಡಿಸಲು ಬಂದವರೆಲ್ಲ ಮೊದಲು ಮುಖ ಸಣ್ಣ ಮಾಡಿಕೊಂಡೇ ಕೂರುತ್ತಿದ್ದರು. ಆಮೇಲೆ ಯಾರಾದರೊಬ್ಬರು ಅಂಗಳದಾಚೆಯ ಶೆಡ್ಡಿನ ಕಡೆ ನೋಡಿ, "ಆವತ್ತೊಂದಿನ ಜಯಪುರದಲ್ಲಿ ಈ ಕಾರು..." ಅಂತ ಶುರು ಮಾಡುತ್ತಿದ್ದರು. ಕತೆ ಮುಗಿಯುವ ಹೊತ್ತಿಗೆ ಎಲ್ಲರೂ ನಕ್ಕಿರುತ್ತಿದ್ದರು. ನಕ್ಕಿದ್ದು ಅರಿವಿಗೆ ಬಂದ ಕೂಡಲೇ ಗಾಬರಿಯಿಂದ ನನ್ನ ಮುಖ ನೋಡುತ್ತಿದ್ದರು. "ನಗಿ, ಪರವಾಗಿಲ್ಲ" ಅಂತ ನಾನೇ ಸಮಾಧಾನ ಹೇಳಬೇಕಾಗುತ್ತಿತ್ತು. ಕುದಿಯುವ ಕಾರು ಇಟ್ಟುಕೊಂಡವರ ಮನೆಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ನಾನು ಕಂಡ ಕೆಲವನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಬಾನೆಟ್ ಮೇಲಿನ ಮಿಕ್ಸಿ

ನಮ್ಮವರದು ಕೊಪ್ಪದ ಬಾಳಗಡಿಯಲ್ಲಿ ವಾಹನಗಳ ಬಿಡಿಭಾಗದ ಅಂಗಡಿ. ನ.ರಾ.ಪುರದ ಕಡೆಯ ಒಂದು ಕಾಫಿ ಎಸ್ಟೇಟಿನ ಗೋದಾಮಿನ ಹಿಂದೆ ಹಳೇ ಅಮೆರಿಕದ ಕಾರೊಂದು ತುಂಬಾ ವರ್ಷದಿಂದ ನಿಂತಿತ್ತು. ನಮ್ಮವರು ಅಲ್ಲಿಗೆ ಹೋದಾಗೆಲ್ಲ ಅದನ್ನು ಸವರಿ ಬರುತ್ತಿದ್ದರು. ಒಂದು ದಿನ ಎಸ್ಟೇಟ್ ಯಜಮಾನರೇ, "ನೀವು ಬಂದಾಗೆಲ್ಲ ಅದನ್ನ ನೋಡಿ ನಿಟ್ಟುಸಿರು ಬಿಡೋದು ನನಗೆ ನೋಡಕ್ಕಾಗಲ್ಲ ಮಾರಾಯ್ರೆ, ತಗೊಂಡು ಹೋಗಿ" ಅಂದುಬಿಟ್ಟರು.

ಅದಕ್ಕೆ ಎಂಟು ಸಿಲಿಂಡರಿನ ಇಂಜಿನ್. ಅದರ ತಲೆಯ ಮೇಲೆ ಸೂಪರ್‌ಚಾರ್ಜರ್ ಅನ್ನುವ ಇನ್ನೊಂದು ಯಂತ್ರ. ಅದು ಇಂಜಿನ್ನಿಗೆ ಗಾಳಿಯನ್ನು ಒತ್ತಿ ಒತ್ತಿ ತುಂಬುತ್ತದಂತೆ. ಅದರಿಂದ ಕಾರಿಗೆ ಬಲ ಜಾಸ್ತಿ, ಬಿಸಿಯೂ ಜಾಸ್ತಿ. ಜೋರಾಗಿ ಓಡಿದರೆ ಎದುರುಗಾಳಿಗೆ ತಣ್ಣಗಿರುತ್ತದೆ, ನಿಧಾನವಾದರೆ ಕುದಿಯುತ್ತದೆ. ಕೊಪ್ಪದಿಂದ ಶೃಂಗೇರಿವರೆಗೆ ಆ ಕಾರಿನ ಉದ್ದದಷ್ಟು ನೇರ ರಸ್ತೆ ಎಲ್ಲಿದೆ? ತಿರುವು, ಏರು, ಮುಂದೊಂದು ಬಸ್ಸು. ನಮ್ಮ ಕಾರು ಕುದಿಯದ ದಿನವೇ ಇರಲಿಲ್ಲ.

ಆ ಸೂಪರ್‌ಚಾರ್ಜರ್ ಬಾನೆಟ್ಟಿನ ಮೇಲೆ ಒಂದು ಗೇಣು ಎದ್ದು ನಿಂತಿತ್ತು. ಕಾರು ಮೊದಲ ಸಲ ಮನೆಗೆ ಬಂದಾಗ ಪಕ್ಕದ ಮನೆಯವರು ಬೇಲಿ ಆಚೆಯಿಂದ ಬಹಳ ಹೊತ್ತು ನೋಡಿದರು.

"ಎಲ್ಲಾ ಸರಿ ಮಾರಾಯ್ರೆ, ಬಾನೆಟ್ ಮೇಲೆ ಮಿಕ್ಸಿ ಎಂತಕ್ಕೆ?"

ನಮ್ಮವರಿಗೆ ಬೇಜಾರಾಯಿತು. ಸೀದಾ ಒಳಗೆ ಬಂದರು. ನಾನು ಅಡಿಗೆಮನೆಯಲ್ಲಿ ಮಿಕ್ಸಿ ಹಾಕಿ ಚಟ್ನಿ ರುಬ್ಬುತ್ತಿದ್ದೆ. ಆ ಸದ್ದು ಕೇಳಿ ಅವರು, "ಮನೆಯವಳೂ ಅವರ ಪಾರ್ಟಿಯೇ" ಅಂತ ಗೊಣಗಿಕೊಂಡು ಹಿತ್ತಲಿಗೆ ನಡೆದರು.

ಪುರೋಹಿತರ ಪ್ರಯಾಣ

ಕಾರು ಕುದಿಯುವ ಹಾಗಾದಾಗ ಒಂದು ಉಪಾಯವಿತ್ತು. ಚಳಿದೇಶದ ಕಾರಾದ್ದರಿಂದ ಅದರಲ್ಲಿ ಹೀಟರ್ ಇತ್ತು. ಹೀಟರ್ ಹಾಕಿದರೆ ಇಂಜಿನ್ನಿನ ಬಿಸಿ ಸ್ವಲ್ಪ ಭಾಗ ಒಳಗೆ ಕೂತವರ ಮೇಲೆ ಬಂದು ಬೀಳುತ್ತದೆ. ಇಂಜಿನ್ ಉಳಿಯುತ್ತದೆ, ಕೂತವರ ಪಾಡು ದೇವರಿಗೇ ಪ್ರೀತಿ.

ಬಂಧುಗಳ ಮನೆಯ ಗೃಹಪ್ರವೇಶಕ್ಕೆ ಶೃಂಗೇರಿಯಿಂದ ಪುರೋಹಿತರನ್ನು ಕರೆತರುವ ಕೆಲಸ ನಮ್ಮವರು ಕೇಳಿ ಇಸಿದುಕೊಂಡರು. ಬೇಸಿಗೆಯ ಮಧ್ಯಾಹ್ನ. ನಾನು ಹಿಂದೆ ಕೂತಿದ್ದೆ, ಪುರೋಹಿತರು ಮುಂದೆ. ದಾರಿಯಲ್ಲಿ ಮರದ ಲಾರಿಯೊಂದು ಸಿಕ್ಕಿತು. ಅದರ ಹಿಂದೆ ತೆವಳುತ್ತ ತೆವಳುತ್ತ ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲೇರಿತು. ನಮ್ಮವರು ಮೆಲ್ಲಗೆ ಕೈ ಚಾಚಿ ಹೀಟರ್ ಹಾಕಿದರು.

ಪುರೋಹಿತರು ಮೊದಲು ಶಾಲು ತೆಗೆದರು. ಆಮೇಲೆ ಕಿಟಕಿಯ ಹೊರಗೆ ತಲೆ ಹಾಕಿದರು. ವಿಭೂತಿ ಕರಗಿ ಕಣ್ಣಿಗಿಳಿಯಿತು. ನಾನು ನನ್ನ ಸೆರಗಿನಿಂದ ಅವರಿಗೆ ಗಾಳಿ ಹಾಕೋದೋ ಬಿಡೋದೋ ಅಂತ ಒದ್ದಾಡುತ್ತಿದ್ದೆ. ಇಳಿಯುವಾಗ ನಮ್ಮವರು ಕೈಮುಗಿದು, "ತಪ್ಪಾಯ್ತು, ಸ್ವಲ್ಪ ಬಿಸಿ ಆಯ್ತು ನಿಮಗೆ" ಅಂದರು.

"ಇಲ್ಲಪ್ಪ" ಅಂದರು ಪುರೋಹಿತರು, ಪಂಚೆ ಹಿಂಡುತ್ತ. "ಅಗ್ನಿ ಎದುರು ಕೂತು ನನಗೆ ಅಭ್ಯಾಸ ಇದೆ. ಅಗ್ನಿ ಒಳಗೆ ಕೂತಿದ್ದು ಇದೇ ಮೊದಲು."

ಅಕ್ಕಿ ಡಬ್ಬ

ನ.ರಾ.ಪುರದಲ್ಲಿ ರೇಡಿಯೇಟರ್ ಬೆಸುಗೆ ಹಾಕುವ ಮೇಸ್ತ್ರಿಯೊಬ್ಬರಿದ್ದರು, ನಮ್ಮವರ ಹಳೇ ಸ್ನೇಹಿತರು. ಇಬ್ಬರೂ ಸೇರಿ ಆ ಕಾರಿಗೆ ಮಾಡದ ಉಪಚಾರವಿಲ್ಲ. ದೊಡ್ಡ ರೇಡಿಯೇಟರ್ ಕೂರಿಸಿದರು, ಲಾರಿಯ ಫ್ಯಾನ್ ಹಾಕಿದರು. ಆದರೂ ಕುದಿಯಿತು. ಕಡೆಗೆ ಮೇಸ್ತ್ರಿ, "ಫ್ಯಾನ್ ಸುತ್ತ ತಗಡಿನ ಗೂಡು ಬೇಕು. ಇಲ್ಲಾಂದ್ರೆ ಅದು ರೇಡಿಯೇಟರ್ ಗಾಳಿ ಬಿಟ್ಟು ಅಕ್ಕಪಕ್ಕದ ಗಾಳಿ ಎಳೀತದೆ" ಅಂದರು. ಆ ಅಳತೆಯ ದುಂಡನೆಯ ತಗಡು ಎಲ್ಲೂ ಸಿಗಲಿಲ್ಲವಂತೆ.

ನಾನು ತಂಗಿ ಮನೆಗೆ ಹೋಗಿ ಬಂದು ನೋಡುತ್ತೇನೆ, ಅಕ್ಕಿಯೆಲ್ಲ ಬಕೆಟ್ಟಿನಲ್ಲಿ, ಚೊಂಬಿನಲ್ಲಿ, ಪೂಜೆಯ ತಟ್ಟೆಯಲ್ಲಿ ಕೂಡ! ಡಬ್ಬ ಮಾತ್ರ ಇಲ್ಲ. ಅದು ನನ್ನ ತವರಿನಿಂದ ಬಂದ ಡಬ್ಬ. ಎರಡು ದಿನ ಅವರ ಹತ್ತಿರ ಮಾತು ಬಿಟ್ಟೆ. ಆದರೆ ಕಾರು ಸುಧಾರಿಸಿತು. ಏರಿನಲ್ಲೂ ಮುಳ್ಳು ನಡುವಿನಲ್ಲೇ ನಿಲ್ಲತೊಡಗಿತು. ಆ ಖುಷಿಯಲ್ಲಿ ಅವರು ಊರೂರು ಸುತ್ತಿದರು.

ಅಷ್ಟರಲ್ಲಿ ಅಮ್ಮ ಬಂದವಳು ಅಡಿಗೆಮನೆಯಲ್ಲಿ ಹುಡುಕಿದಳು. "ನಾನು ಕೊಟ್ಟ ಅಕ್ಕಿ ಡಬ್ಬ ಎಲ್ಲೇ?"

"ಶೃಂಗೇರಿಗೆ ಹೋಗಿದೆ" ಅಂದೆ. "ಸಂಜೆ ಬರತ್ತೆ."

ಮೆಣಸೆಯ ಅಜ್ಜಿ

ಡಬ್ಬ ಕತ್ತರಿಸುವ ಮುಂಚೆ ಕಾರು ಶೃಂಗೇರಿ ದಾರಿಯಲ್ಲಿ ಮೆಣಸೆ ಹತ್ತಿರ ನಿಂತೇ ನಿಲ್ಲುತ್ತಿತ್ತು. ಅಲ್ಲಿ ರಸ್ತೆ ಬದಿ ಒಂದು ಮನೆ. ಮನೆಯ ಅಜ್ಜಿ ಮೊದಲ ದಿನ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದರು. ನಮ್ಮವರು, "ನನಗಲ್ಲ ಅಜ್ಜಿ, ಕಾರಿಗೆ ನೀರು ಬೇಕಿತ್ತು" ಅಂದರು.

ಅಜ್ಜಿ ಹಬೆ ಬಿಡುತ್ತಿದ್ದ ಕಾರನ್ನು ನೋಡಿದರು. "ಯಾರಿಗಾದ್ರೂ ಸೈ, ಬರೀ ನೀರು ಕೊಡಬಾರದಪ್ಪ. ಬೆಲ್ಲ ನೀನು ತಿನ್ನು, ನೀರು ಅದು ಕುಡೀಲಿ."

ಆಮೇಲೆ ಇದು ರೂಢಿಯಾಯಿತು. ದೂರದಿಂದ ಗುಡುಗಿದ ಹಾಗೆ ಕಾರಿನ ಸದ್ದು ಕೇಳಿದ ಕೂಡಲೇ ಅಜ್ಜಿ ಕೊಡಪಾನ ಹೊತ್ತು ಬೇಲಿಬಾಗಿಲಿನ ದಣಪೆಯ ಹತ್ತಿರ ಬಂದು ನಿಲ್ಲುತ್ತಿದ್ದರು. ಕಾರಿನ ಕಾಯಿಲೆ ವಾಸಿಯಾದ ಮೇಲೂ ನಿಲ್ಲುತ್ತಿದ್ದರು. ನಿಲ್ಲಿಸದೆ ಹೋಗುವುದು ನಮ್ಮವರ ಕೈಯಲ್ಲಾಗಲಿಲ್ಲ. ಇಳಿದು, ಬಾನೆಟ್ ಎತ್ತಿ, ಅಜ್ಜಿಗೆ ಕಾಣದ ಹಾಗೆ ಆ ನೀರನ್ನೆಲ್ಲ ಚರಂಡಿಗೆ ಸುರಿದು, "ಉಳಿಸಿದ್ರಿ ಅಜ್ಜಿ" ಅನ್ನುತ್ತಿದ್ದರು.

"ಪಾಪ, ಇನ್ನೂ ಗುಣ ಆಗ್ಲಿಲ್ವಾ ಅದಕ್ಕೆ? ಯಾರಿಗಾದ್ರೂ ಒಳ್ಳೇ ಡಾಕ್ಟರಿಗೆ ತೋರಿಸು ಮಾಣಿ" ಅಂದರು ಒಂದು ಸಲ.

ಒಂದು ಮಳೆಗಾಲದ ನಂತರ ಹೋದಾಗ ದಣಪೆಯ ಹತ್ತಿರ ಯಾರೂ ಇರಲಿಲ್ಲ. ನಮ್ಮವರು ಇಳಿದು ಹೋಗಿ ವಿಚಾರಿಸಿ ಬಂದರು. ಕಾರಿಗೆ ಒರಗಿ ನಿಂತರು. ಆ ಮನೆಯ ಸೊಸೆ ಹಿಂದೆಯೇ ಬಂದು, ಕಣ್ಣೊರೆಸಿಕೊಳ್ಳುತ್ತ, "ಅತ್ತೆ ಕಡೇ ದಿನದಲ್ಲೂ ನಿಮ್ಮನ್ನ ನೆನೆಸ್ಕೊಂಡ್ರು. ಅವನು ಒಳ್ಳೆಯವನು, ಆದ್ರೆ ಚರಂಡಿಗೆ ಯಾಕೆ ಸುರೀತಾನೋ, ಬಸಳೆ ಬುಡಕ್ಕಾದ್ರೂ ಹಾಕ್ಬಾರ್ದಾ ಅಂತಿದ್ರು" ಅಂದಳು.

ಸೋರುವ ಕ್ಯಾನು

ಆ ವರ್ಷವೇ ನಮ್ಮವರಿಗೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟತೊಡಗಿತು. ಕಾಲು ಊದಿತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಹೃದಯ ದೊಡ್ಡದಾಗಿದೆ, ರಕ್ತವನ್ನು ಒತ್ತುವ ಶಕ್ತಿ ಅದಕ್ಕಿಲ್ಲ, ಮೈಯಲ್ಲಿ ನೀರು ನಿಲ್ಲುತ್ತದೆ, ಆದ್ದರಿಂದ ನೀರು ಅಳತೆ ಮಾಡಿ ಕುಡಿಯಬೇಕು ಅಂದರು ಡಾಕ್ಟರು. ನಮ್ಮವರು ಬಹಳ ಯೋಚನೆ ಮಾಡಿ, "ಪಂಪ್ ವೀಕ್, ಹಾಗಾದ್ರೆ ರೇಡಿಯೇಟರ್ ಸರಿ ಇದೆಯಾ ಡಾಕ್ಟ್ರೇ?" ಅಂತ ಕೇಳಿದರು. ಡಾಕ್ಟರು ನನ್ನ ಮುಖ ನೋಡಿದರು.

ಇಷ್ಟು ವರ್ಷ ಕಾರಿಗೆ ನೀರು ಹುಯ್ದು ಹುಯ್ದು ಸಾಕಾಗಿದ್ದ ಮನುಷ್ಯ ಈಗ ತಾನು ಒಂದು ಲೋಟಕ್ಕೆ ನನ್ನನ್ನು ಬೇಡಬೇಕಾಯಿತು. ಬೆಳಿಗ್ಗೆ ಒಂದು ಬಾಟಲಿ ತುಂಬಿಸಿ ಕೊಡುತ್ತಿದ್ದೆ, ಇಡೀ ದಿನಕ್ಕೆ ಅದೇ. ಸಂಜೆಯ ಹೊತ್ತಿಗೆ ಅವರ ತುಟಿ ಒಣಗಿರುತ್ತಿತ್ತು. "ಒಂದು ಗುಟುಕು" ಅನ್ನುತ್ತಿದ್ದರು. ಇಲ್ಲ ಅನ್ನಲು ನನಗೆ ಬಾಯಾದರೂ ಹೇಗೆ ಬರುತ್ತಿತ್ತೋ.

ಶೆಡ್ಡಿನಲ್ಲಿ ಕಾರಿಗೆಂದು ಬಾವಿನೀರಿನ ಕ್ಯಾನು ಇರುತ್ತಿತ್ತು. ಕಾರು ಶೆಡ್ಡಿನಿಂದ ಹೊರಗೇ ಬಂದಿಲ್ಲ, ಕ್ಯಾನು ಮಾತ್ರ ಖಾಲಿಯಾಗುತ್ತಿದೆ! ನಾನು ಕೇಳಿದೆ. ಅವರು ಗಂಭೀರವಾಗಿ, "ಲೀಕ್ ಇರ್ಬೇಕು" ಅಂದರು. ಊದಿದ ಕಾಲಿನಲ್ಲೇ ಬಗ್ಗಿ ಕಾರಿನ ಅಡಿಯೆಲ್ಲ ಟಾರ್ಚ್ ಬಿಟ್ಟು ಹುಡುಕಿದರು. ಅವರ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಸಿಕ್ತು ಲೀಕ್" ಅಂದೆ. ಬೈಯಬೇಕೆಂದು ಹೋದವಳು ಅಲ್ಲೇ ಕೂತು ಅತ್ತೆ. ಅವರು ಪಕ್ಕ ಬಂದು ಕೂತು ನನ್ನ ಕಣ್ಣು ಒರೆಸಿ, "ಅಳಬೇಡ ಮಾರಾಯ್ತಿ" ಅಂದರು. "ನಿನ್ನ ಕಣ್ಣಿಂದ ಬರೋ ನೀರು ನೋಡಿದ್ರೆ ನಂಗೆ ಮತ್ತೂ ಬಾಯಾರತ್ತೆ."

ಎಡಗಡೆ ಡ್ರೈವರ್

ಓಡಿಸಬಾರದು ಅಂತಲೂ ಡಾಕ್ಟರು ಹೇಳಿದ್ದರು. ನಿಂತೇ ಇದ್ದರೆ ಕಾರು ಹಾಳಾಗುತ್ತದೆ ಅನ್ನುವ ಸಂಕಟ ಅವರಿಗೆ. ಹಾಗಾಗಿ ಈ ವಯಸ್ಸಿನಲ್ಲಿ ನಾನು ಓಡಿಸಲು ಕಲಿತೆ, ಲೈಸೆನ್ಸೂ ಮಾಡಿಸಿದರು. ಬಾಳಗಡಿಯ ಖಾಲಿ ಮೈದಾನದಲ್ಲಿ ಸುತ್ತು ಹೊಡೆಯುವಾಗ ಪಕ್ಕದಲ್ಲಿ ಕೂತು, "ರಸ್ತೆ ನೀನು ನೋಡು, ಮುಳ್ಳು ನಾನು ನೋಡ್ತೀನಿ" ಅನ್ನುತ್ತಿದ್ದರು. ಒಂದು ದಿನ, "ನಾನಿಲ್ದಾಗ ಎರಡನ್ನೂ ನೀನೇ ನೋಡ್ಬೇಕು" ಅಂದರು. ನನ್ನ ಕಾಲು ಕ್ಲಚ್ಚಿನಿಂದ ಜಾರಿ ಇಂಜಿನ್ ನಿಂತುಹೋಯಿತು. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಮಳೆ ಹಿಡಿಯುವ ಮುಂಚೆ ಹೋದರು.

ಅಸ್ಥಿ ಬಿಡಲು ಶೃಂಗೇರಿಗೆ ಹೋಗಬೇಕಿತ್ತು. ಮೈದುನ ತನ್ನ ಕಾರಿನಲ್ಲಿ ಹೊರಡೋಣ ಅಂದ. "ಅವರನ್ನ ನಾನೇ ಕರ್ಕೊಂಡು ಬರ್ತೀನಿ, ನೀನು ಮುಂದೆ ಹೋಗಿ ಹೊಳೆ ಹತ್ರ ವ್ಯವಸ್ಥೆ ಮಾಡು" ಅಂದೆ. "ಅತ್ತಿಗೆ, ದಾರೀಲಿ ನಿಂತ್ರೆ?" ಅಂದ. "ನಿಂತ್ರೆ ಅವರಿಗೇನೂ ಹೊಸದಲ್ಲ" ಅಂದೆ. ಅವನು ತನ್ನ ಕಾರು ಹತ್ತಿದ.

ಅಸ್ಥಿಯ ಕುಡಿಕೆಯನ್ನು ನನ್ನ ಪಕ್ಕದ ಸೀಟಿನಲ್ಲಿಟ್ಟೆ. ತಿರುವಿನಲ್ಲಿ ಉರುಳಬಾರದಲ್ಲ, ಸುತ್ತ ಅವರ ಟವೆಲ್ ಸುತ್ತಿ ಸೀಟ್ ಬೆಲ್ಟ್ ಬಿಗಿದೆ. ದಾರಿಯುದ್ದಕ್ಕೂ ಯಾವ ಏರಿಗೆ ಯಾವ ಗೇರ್ ಅಂತ ಕೇಳುತ್ತಲೇ ಬಂದೆ. ಒಬ್ಬಳೇ ಮಾತಾಡುವುದು ಎಷ್ಟು ಕಷ್ಟ ಅಂತ ಆವತ್ತೇ ಗೊತ್ತಾಗಿದ್ದು.

ಶೃಂಗೇರಿ ಇನ್ನೇನು ಬಂತು ಅನ್ನುವಾಗ ಪೊಲೀಸರು ವಾಹನ ತಪಾಸಣೆ ಮಾಡುತ್ತಿದ್ದರು. ಅಮೆರಿಕದ ಕಾರಲ್ಲವೇ, ಇದರ ಸ್ಟೀರಿಂಗ್ ಎಡಗಡೆ. ವಯಸ್ಸಾದ ಪೇದೆಯೊಬ್ಬರು ಮಾಮೂಲಿನಂತೆ ಬಲಗಡೆ ಕಿಟಕಿಗೆ ಬಂದು, ಇನ್ನೊಂದು ಗಾಡಿಯ ಕಡೆ ನೋಡುತ್ತಲೇ ಒಳಗೆ ಕೈ ಚಾಚಿ, "ಲೈಸೆನ್ಸ್ ತೆಗೀರಿ" ಅಂದರು. ಯಾರೂ ಏನೂ ಕೊಡಲಿಲ್ಲ. ಬಗ್ಗಿ ನೋಡಿದರು. ಡ್ರೈವರ್ ಜಾಗದಲ್ಲಿ ಮಣ್ಣಿನ ಕುಡಿಕೆ.

"ನಾನು ಈಕಡೆ ಇದೀನಿ" ಅಂದೆ.

ಅವರು ಬೆಚ್ಚಿ ನನ್ನನ್ನು ನೋಡಿ, ಮತ್ತೆ ಕುಡಿಕೆಯನ್ನು ನೋಡಿ, "ಮತ್ತೆ ಇದು... ಇದ್ಯಾರು?" ಅಂದರು.

"ನಮ್ಮ ಯಜಮಾನರು."

ಪೇದೆ ಟೋಪಿ ತೆಗೆದರು. ನನಗೆ ಕಣ್ಣು ತುಂಬಿ ಎದುರಿನ ರಸ್ತೆ ಮಂಜುಮಂಜಾಗಿತ್ತು. ಅವರು ಕಿಟಕಿಯೊಳಗೆ ಕೈ ಹಾಕಿ, ಟವೆಲ್ ಸ್ವಲ್ಪ ಜಾರಿದ್ದನ್ನು ಸರಿ ಮಾಡಿ, ನಿಧಾನವಾಗಿ ಹೇಳಿದರು:

"ಬೆಲ್ಟ್ ಹಾಕ್ಕೊಂಡಿದಾರಲ್ಲ, ಸಾಕು. ನೀವೂ ಹಾಕ್ಕೊಳಿ ಅಮ್ಮ."